ಕಿಯೋಹರುವಿನ ಕಾರಿನ ಮುಂದಿನ ಸೀಟು

ಮಿತ್ಸುಗುವಿಗೆ ಕಿಯೋಹರುವನ್ನು ಕಂಡರಾಗದು ಎಂಬುದು ನಮ್ಮ ಕೊಲ್ಲಿಯ ದಂಡೆಯ ಬೆಕ್ಕುಗಳಿಗೂ ಗೊತ್ತಿದ್ದ ಸಂಗತಿ. ಇಬ್ಬರೂ ಒಂದೇ ತರಗತಿಯಲ್ಲಿ ಓದಿದವರು. ಕಿಯೋಹರು ಹುಟ್ಟಿದ್ದು ಏಪ್ರಿಲ್‌ನಲ್ಲಿ, ಮಿತ್ಸುಗು ಅದರ ಮುಂದಿನ ಮಾರ್ಚ್‌ನಲ್ಲಿ. ನಡುವೆ ಹನ್ನೊಂದು ತಿಂಗಳು. ಹನ್ನೊಂದು ತಿಂಗಳು ಮೊದಲೇ ಹುಟ್ಟಿದವನು ಓಟದಲ್ಲಿ, ಕೂಡಿಸುವ ಲೆಕ್ಕದಲ್ಲಿ, ಕೊನೆಗೆ ಮೀಸೆ ಬರುವುದರಲ್ಲೂ ಮುಂದೆ ಹೋಗಿಬಿಟ್ಟ. ಎಪ್ಪತ್ತೇಳು ತುಂಬಿದರೂ ಮಿತ್ಸುಗುವಿಗೆ ಅವನನ್ನು ಹಿಂದೆ ಹಾಕಲು ಆಗಿರಲಿಲ್ಲ.

ಅಷ್ಟೇ ಆಗಿದ್ದರೆ ಮರೆಯಬಹುದಿತ್ತು. ಮರೆಯಲಾಗದ್ದು ಮದುವೆಯ ಫೋಟೋದ ಕಥೆ. ಐವತ್ತೆರಡು ವರ್ಷದ ಹಿಂದೆ ಹೆಣ್ಣು ತೋರಿಸುವ ಮುದುಕಿ ಸಚಿಯೊಳ ಫೋಟೋ ಹಿಡಿದುಕೊಂಡು ಮೊದಲು ಹತ್ತಿದ್ದು ಕಿಯೋಹರುವಿನ ಮನೆಯ ಮೆಟ್ಟಿಲು. ಅವನ ತಾಯಿ ಹುಡುಗಿ ಹುಟ್ಟಿದ ವರ್ಷ ಕೇಳಿ, 'ಅಯ್ಯೋ, ಮೂವತ್ತಾರು ವರ್ಷಕ್ಕೊಮ್ಮೆ ಬರೋ ಉಗ್ರ ಹುಲಿ ವರ್ಷದವಳು! ಗಂಡನನ್ನು ನುಂಗಿ ನೀರು ಕುಡಿತಾಳೆ' ಎಂದು ಫೋಟೋ ಹಿಂದಕ್ಕೆ ಕೊಟ್ಟಳು. ಅದೇ ಫೋಟೋ ಅದೇ ಸಂಜೆ ಮಿತ್ಸುಗುವಿನ ಮನೆಗೆ ಬಂತು. ಮಿತ್ಸುಗು ಒಪ್ಪಿದ, ಮದುವೆಯಾಯಿತು, ಹುಲಿ ಯಾರನ್ನೂ ನುಂಗಲಿಲ್ಲ. ಆದರೆ ತನ್ನ ಹೆಂಡತಿ ಪಕ್ಕದ ಮನೆಯಿಂದ ವಾಪಸು ಬಂದ ಫೋಟೋ ಎಂಬ ಮುಳ್ಳು ಮಾತ್ರ ಅವನ ಎದೆಯಲ್ಲಿ ಹಾಗೇ ಉಳಿಯಿತು. ಸಚಿಯೊಗೆ ಇದು ತಮಾಷೆ. 'ಅವರಮ್ಮ ಬೇಡ ಅಂದ್ರು, ನಿಮ್ಮಮ್ಮ ಸರಿ ಅಂದ್ರು. ನನ್ನನ್ನ ಯಾರಾದ್ರೂ ಕೇಳಿದ್ರಾ?' ಎಂದು ನಗುತ್ತಿದ್ದಳು. ಕೇಳಿದ್ದರೆ ಏನು ಹೇಳುತ್ತಿದ್ದಳು ಎಂದು ಮಿತ್ಸುಗು ಐವತ್ತೆರಡು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ. ಅಷ್ಟು ಧೈರ್ಯ ಎಲ್ಲಿಂದ ಬರಬೇಕು.

ಈಗ ಲೈಸನ್ಸಿನ ವಿಷಯ. ಎಪ್ಪತ್ತೈದು ದಾಟಿದವರು ಲೈಸನ್ಸ್ ಹೊಸದು ಮಾಡಿಸಬೇಕಾದರೆ ಜ್ಞಾಪಕಶಕ್ತಿಯ ಪರೀಕ್ಷೆ ಕೊಡಬೇಕು. ಹದಿನಾರು ಚಿತ್ರ ತೋರಿಸುತ್ತಾರೆ, ಆಮೇಲೆ ಬೇರೇನೋ ಕೆಲಸ ಹಚ್ಚಿ ಮರೆಸುತ್ತಾರೆ, ಕೊನೆಗೆ ಏನೇನು ನೋಡಿದಿರಿ ಬರೆಯಿರಿ ಅನ್ನುತ್ತಾರೆ. ಇಂಥ ಚಿತ್ರಗಳ ಕಂತೆ ಇರುವುದು ನಾಲ್ಕೇ. ನಾಲ್ಕನ್ನೂ ಅಚ್ಚು ಹಾಕಿದ ಅಭ್ಯಾಸ ಪುಸ್ತಕ ಪುಸ್ತಕದಂಗಡಿಯಲ್ಲಿ ಅಡುಗೆ ಪುಸ್ತಕಗಳ ಪಕ್ಕದಲ್ಲೇ ಸಿಗುತ್ತದೆ. ನಮ್ಮ ಕಡೆಯ ಮುದುಕರೆಲ್ಲ ಅದನ್ನು ಮಂತ್ರದ ಹಾಗೆ ಬಾಯಿಪಾಠ ಮಾಡುತ್ತಾರೆ. ಮಿತ್ಸುಗುವೂ ಮಾಡಿದ. ಕಿತ್ತಳೆ ಕೊಯ್ಲಿನ ಆ ತಿಂಗಳಲ್ಲಿ ಬುಟ್ಟಿ ಹೊತ್ತು ಗುಡ್ಡ ಇಳಿಯುವಾಗಲೂ ತುಟಿ ಆಡುತ್ತಲೇ ಇತ್ತು. ಮೂರನೆಯ ಕಂತೆ ಅವನಿಗೆ ಎಷ್ಟು ಬಾಯಿಗೆ ಬಂದಿತ್ತೆಂದರೆ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹದಿನಾರನ್ನೂ ಉರುಳಿಸುತ್ತಿದ್ದ.

ಪರೀಕ್ಷೆಯ ದಿನ ತೋರಿಸಿದ್ದು ಎರಡನೆಯ ಕಂತೆ. ಮಿತ್ಸುಗು ಬರೆದದ್ದು ಮೂರನೆಯದು. ಹದಿನಾರೂ ಸರಿಯಾದ ಕ್ರಮದಲ್ಲಿ, ಒಂದಕ್ಷರ ತಪ್ಪಿಲ್ಲದೆ, ದುಂಡಗೆ ಬರೆದು ಎಲ್ಲರಿಗಿಂತ ಮೊದಲು ಪೆನ್ಸಿಲ್ ಕೆಳಗಿಟ್ಟ. ನೂರಕ್ಕೆ ಹದಿನೆಂಟು ಬಂತು. ಆ ಹದಿನೆಂಟೂ ಇವತ್ತು ಯಾವ ದಿನ, ಗಂಟೆ ಎಷ್ಟು ಎಂದು ಸರಿಯಾಗಿ ಬರೆದದ್ದಕ್ಕೆ. ಡಾಕ್ಟರ ಹತ್ತಿರ ತಪಾಸಣೆ ಮಾಡಿಸಿ, ಮರೆವಿನ ರೋಗ ಇಲ್ಲ ಎಂಬ ಕಾಗದ ತನ್ನಿ, ಇಲ್ಲವಾದರೆ ಲೈಸನ್ಸ್ ರದ್ದು ಎಂದು ಪೊಲೀಸರಿಂದ ಪತ್ರ ಬಂತು. ಹಿಂದಿನ ವಸಂತದಲ್ಲಿ ಇದೇ ಪರೀಕ್ಷೆಯಲ್ಲಿ ಕಿಯೋಹರುವಿಗೆ ಬಂದದ್ದು ತೊಂಬತ್ತನಾಲ್ಕು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅಂದರೆ ಒಬ್ಬೊಬ್ಬರಿಗೇ ಬೇರೆ ಬೇರೆಯಾಗಿ ಹೇಳಿದ್ದ.

ಪತ್ರ ಓದಿದ ಸಚಿಯೊ ಕನ್ನಡಕ ತೆಗೆದಿಟ್ಟಳು.

"ಡಾಕ್ಟರ್ ಕಾಗದ ಬರೋವರೆಗೂ ನಿಮ್ಮ ಟ್ರಕ್ ನಾನು ಹತ್ತಲ್ಲ."

"ಬುಧವಾರ ಪೇಟೆಯ ಹಾಡಿನ ಗುಂಪಿಗೆ ಹೆಂಗೆ ಹೋಗ್ತೀಯ? ಇರೋ ಒಂದು ಬಸ್ಸು ಬೆಳಗ್ಗೆ ಏಳಕ್ಕೇ ಹೋಗಿಬಿಡುತ್ತೆ, ಹನ್ನೊಂದು ಕಿಲೋಮೀಟರು ನಡ್ಕೊಂಡು ಹೋಗ್ತೀಯಾ?"

"ಪಕ್ಕದ್ಮನೆ ಕಿಯೋಸಾನ್ ಪ್ರತಿ ಬುಧವಾರ ಪೇಟೆಗೆ ಹೋಗ್ತಾರಲ್ಲ. ಅವರ ಕಾರಲ್ಲಿ ಹೋಗ್ತೀನಿ, ಕೇಳಿಯೂ ಆಯ್ತು."

ಕೇಳಿಯೂ ಆಯ್ತು! ಗಂಡನಿಗೆ ಸುದ್ದಿ ಮುಟ್ಟುವ ಮೊದಲೇ ಪಕ್ಕದ ಮನೆಗೆ ಮುಟ್ಟಿತ್ತು. ಮಿತ್ಸುಗು ಆ ರಾತ್ರಿ ಮಿಸೊ ಸಾರನ್ನು ಅರ್ಧಕ್ಕೇ ಬಿಟ್ಟೆದ್ದ.

ಕಿಯೋಹರು ಅಂಚೆ ಕಚೇರಿಯಿಂದ ನಿವೃತ್ತನಾದವನು, ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವನ ನೀಲಿ ಕಾರು ಯಾವಾಗಲೂ ತೊಳೆದಿಟ್ಟಂತಿರುತ್ತಿತ್ತು, ಸ್ಟಿಯರಿಂಗ್ ಹಿಡಿಯಲು ಬಿಳಿ ಕೈಗವಸು ಬೇರೆ. ಮಿತ್ಸುಗುವಿನದು ಕಿತ್ತಳೆಯ ಡಬ್ಬಿ ಹೊರುವ ಬಿಳಿಯ ಪುಟ್ಟ ಟ್ರಕ್. ಒಳಗೆ ಗೊಬ್ಬರದ ವಾಸನೆ, ನೆಲದಲ್ಲಿ ಮಣ್ಣು, ಮುಂದೆ ಎರಡೇ ಸೀಟು. ಆ ಎರಡನೆಯ ಸೀಟಿನಲ್ಲಿ ಸಚಿಯೊ ಕೂತು ಕೂತು ಅವಳದೇ ಆಕಾರದ ಗುಂಡಿ ಬಿದ್ದಿತ್ತು. ಆದರೆ ಕೂತವಳು ಮಾಡುತ್ತಿದ್ದುದೇನು? ನಿದ್ದೆ! ಮನೆಯ ಮುಂದಿನ ತಿರುವು ದಾಟುವುದರೊಳಗೆ ತಲೆ ವಾಲುತ್ತಿತ್ತು, ಎರಡನೆಯ ತಿರುವಿಗೆ ಬಾಯಿ ತೆರೆಯುತ್ತಿತ್ತು. ಮಿತ್ಸುಗು ಏನಾದರೂ ಹೇಳಲು ತಿರುಗಿದರೆ ಗೊರಕೆ.

ಬುಧವಾರ ಬಂತು. ಮಿತ್ಸುಗು ಗುಡ್ಡದ ಮೇಲಿನ ಕಿತ್ತಳೆ ತೋಟದ ಪಟ್ಟಿಯಲ್ಲಿ ಗಿಡ ಸವರುವ ನೆಪದಲ್ಲಿ ಕತ್ತರಿ ಹಿಡಿದು ನಿಂತಿದ್ದ. ಕಾಲಡಿಯಲ್ಲೇ ಹಾಯುವ ರಸ್ತೆಯಲ್ಲಿ ನೀಲಿ ಕಾರು ನಿಂತಿತು. ಸಚಿಯೊ ಹಿಂದಿನ ಬಾಗಿಲಿಗೆ ಹೋಗುತ್ತಾಳೆ ಎಂದುಕೊಂಡ. ಅವಳು ಮುಂದಿನದನ್ನು ತೆಗೆದು ಕೂತಳು. ಕಾರು ದಂಡೆಯ ರಸ್ತೆಯಲ್ಲಿ ಹೋಗುವಷ್ಟು ದೂರವೂ ಅವನು ನೋಡಿದ. ಹೆಂಡತಿ ನೆಟ್ಟಗೆ ಕೂತಿದ್ದಳು. ಕಣ್ಣು ಬಿಟ್ಟುಕೊಂಡಿದ್ದಳು. ಅದೂ ಸಾಲದೆಂಬಂತೆ ತುಟಿ ಆಡುತ್ತಿತ್ತು, ಮಾತಾಡುತ್ತಲೇ ಇದ್ದಳು! ತನ್ನ ಪಕ್ಕ ಕೂತರೆ ಗೊರಕೆ, ಅವನ ಪಕ್ಕ ಕೂತರೆ ಮಾತು. ಕೈಯಲ್ಲಿದ್ದ ಕತ್ತರಿ ಒಳ್ಳೆಯ ಫಲ ಬಿಡುವ ಕೊಂಬೆಯೊಂದನ್ನೇ ಕತ್ತರಿಸಿ ಹಾಕಿತು.

ಮಧ್ಯಾಹ್ನ ಬಂದವಳನ್ನು ಹಿಡಿದುಕೊಂಡ.

"ಹಿಂದೆ ಸೀಟಿರಲಿಲ್ವಾ?"

"ಇತ್ತು."

"ಮತ್ತೆ?"

"ಹಿಂದೆ ಕೂತ್ರೆ ವಾಂತಿ ಬರುತ್ತೆ ಕಣ್ರೀ."

"ಅಷ್ಟೊಂದು ಏನು ಮಾತು ಅವನ ಹತ್ರ? ನನ್ನ ಹತ್ರ ಒಂದು ದಿನ ಆಡಿದ್ದುಂಟಾ?"

ಸಚಿಯೊ ಚೀಲ ಕೆಳಗಿಟ್ಟಳು. ಅವಳ ಮುಖ ಬಾಡಿತ್ತು, ಹಾಡಿ ಬಂದವಳ ಮುಖದಂತಿರಲಿಲ್ಲ. ಅದು ಮಿತ್ಸುಗುವಿಗೆ ಕಂಡಿತು, ಆದರೆ ಹೊಟ್ಟೆಕಿಚ್ಚಿನವನ ಕಣ್ಣಿಗೆ ಎಲ್ಲವೂ ಒಂದೇ ಬಣ್ಣ. ಮನೆಗೆ ಬರಲು ಬೇಜಾರಾಗಿದೆ ಇವಳಿಗೆ ಎಂದು ಅರ್ಥ ಮಾಡಿಕೊಂಡ.

"ಹಾಡು ಅಭ್ಯಾಸ ಮಾಡ್ತಿದ್ದೆ" ಎಂದಳು. "ಕಿಯೋಸಾನ್ ತೋಟದ ಕೆಸುವಿನ ಗೆಡ್ಡೆ ಕೊಟ್ಟಿದಾರೆ. ಬೇಯಿಸ್ಲಾ?"

"ನಂಗೆ ಬೇಡ. ಗಂಟಲು ಕೆರೆಯುತ್ತೆ."

ಡಾಕ್ಟರ ತಪಾಸಣೆಗೆ ದಿನ ಗೊತ್ತಾದದ್ದು ಫೆಬ್ರವರಿಯ ಮೂರನೆಯ ವಾರಕ್ಕೆ. ಇನ್ನು ಹತ್ತು ಬುಧವಾರಗಳಿದ್ದವು. ಮಿತ್ಸುಗು ದಿನ ಲೆಕ್ಕ ಹಾಕುತ್ತಿದ್ದುದೇ ಬುಧವಾರಗಳಲ್ಲಿ. ಆ ಕಾಗದವೊಂದು ಸಿಕ್ಕಿಬಿಟ್ಟರೆ ಹೆಂಡತಿ ವಾಪಸು ತನ್ನ ಟ್ರಕ್ಕಿಗೆ, ತನ್ನ ಪಕ್ಕದ ಗುಂಡಿಗೆ. ಸಿಗದಿದ್ದರೆ ಸಾಯುವ ತನಕ ಅವಳು ಆ ಬಿಳಿ ಕೈಗವಸಿನವನ ಪಕ್ಕ.

ಅದಕ್ಕೇ ತಯಾರಿ ಜೋರಾಗಿ ನಡೆಯಿತು. ಡಾಕ್ಟರು ಏನು ಕೇಳುತ್ತಾರೆಂಬುದು ಊರಿಗೆಲ್ಲ ಗೊತ್ತು, ಅಭ್ಯಾಸ ಪುಸ್ತಕದ ಕೊನೆಯಲ್ಲೂ ಇತ್ತು. ಇವತ್ತು ಯಾವ ವಾರ, ಇದು ಯಾವ ಜಾಗ, ನೂರರಿಂದ ಏಳೇಳು ಕಳೆಯುತ್ತಾ ಹೋಗಿ, ಮೂರು ಪದ ಹೇಳ್ತೀನಿ ನೆನಪಿಡಿ, ಹತ್ತು ತರಕಾರಿಯ ಹೆಸರು ಹೇಳಿ. ಊಟವಾದ ಮೇಲೆ ಅಡಿಯಲ್ಲಿ ಹೀಟರಿರುವ ಮೇಜಿನ ಹೊದಿಕೆಯೊಳಗೆ ಕಾಲಿಟ್ಟುಕೊಂಡು ಸಚಿಯೊ ಕೇಳುವಳು, ಮಿತ್ಸುಗು ಹೇಳುವನು.

"ತರಕಾರಿ ಹೇಳಿ."

"ಮೂಲಂಗಿ. ಚೀನಾ ಕೋಸು. ಈರುಳ್ಳಿ ಸೊಪ್ಪು. ಕಮಲದ ದಂಟು. ಪಾಲಕ್."

"ಹೂಂ, ಇನ್ನೈದು."

"ಇನ್ನೇನಿದೆ ಈ ಚಳಿಯಲ್ಲಿ?"

"ಸೌತೆಕಾಯಿ, ಬದನೆ, ಟೊಮೇಟೊ."

"ಫೆಬ್ರವರಿಯಲ್ಲಿ ಸೌತೆಕಾಯಾ? ಯಾವ ಪೆದ್ದ ಬೆಳೀತಾನೆ?"

"ರೀ, ಡಾಕ್ಟ್ರು ಹೆಸರು ಕೇಳ್ತಾರೆ, ಕೊಯ್ದು ತನ್ನಿ ಅನ್ನಲ್ಲ. ಕೆಸುವಿನ ಗೆಡ್ಡೆ ಬಿಟ್ರಲ್ಲ?"

ಕೆಸುವಿನ ಗೆಡ್ಡೆಯನ್ನು ಮಿತ್ಸುಗು ಬೇಕೆಂದೇ ಬಿಟ್ಟಿದ್ದ. ಕಿಯೋಹರುವಿನ ಗೆಡ್ಡೆಯ ಹೆಸರೆತ್ತಿ ಪಾಸಾಗುವುದಕ್ಕಿಂತ ನಪಾಸಾಗುವುದೇ ಮರ್ಯಾದೆ ಎಂಬಷ್ಟರ ಮಟ್ಟಿಗೆ ಅವನ ತಲೆ ಕೆಟ್ಟಿತ್ತು. ನೂರರಿಂದ ಏಳು ಕಳೆಯುವಾಗಲೂ ಹೀಗೇ. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎನ್ನುತ್ತಿದ್ದವನು ನಡುವೆ ನಿಂತು, "ಇವತ್ತು ಬರೋದು ಹತ್ತು ನಿಮಿಷ ತಡವಾಯ್ತಲ್ಲ, ಯಾಕೆ?" ಎಂದು ಕೇಳಿಬಿಡುವನು. ಸಚಿಯೊ ಪುಸ್ತಕ ಮುಚ್ಚಿ ಹೇಳುವಳು:

"ನಿಮಗೆ ಮರೆವಿನ ರೋಗ ಇಲ್ಲ. ಮರೆಯೋಕೆ ಬರದೇ ಇರೋ ರೋಗ ಇದೆ."

ತಪಾಸಣೆಯ ದಿನವೂ ಬುಧವಾರವೇ ಬೀಳಬೇಕೇ! ಮಿತ್ಸುಗು ಟ್ರಕ್ಕಿನ ಕೀಲಿ ಎತ್ತಿಕೊಂಡರೆ ಸಚಿಯೊ ಬಾಗಿಲಿಗೆ ಅಡ್ಡ ನಿಂತಳು. "ತಲೆ ಸರಿಯಿದೆಯೋ ಇಲ್ವೋ ತೋರಿಸೋಕೆ ಹೋಗೋನು ತಾನೇ ಓಡಿಸ್ಕೊಂಡು ಹೋದ್ರೆ ಡಾಕ್ಟ್ರು ಏನಂದ್ಕೋತಾರೆ?" ಅಷ್ಟರಲ್ಲಿ ನೀಲಿ ಕಾರು ಬಂದು ನಿಂತಾಯಿತು. ಕಿಯೋಹರು ಕಿಟಕಿ ಇಳಿಸಿದ.

"ಬಾರೋ ಮಿತ್‌ಚಾನ್. ಹೆದರ್ಕೋಬೇಡ, ಅವರೇನು ಸೂಜಿ ಚುಚ್ಚಲ್ಲ."

"ನಿನ್ನ ತೊಂಬತ್ತನಾಲ್ಕು ನಿನ್ನ ಹತ್ರಾನೇ ಇಟ್ಕೋ" ಎಂದು ಮಿತ್ಸುಗು ಹಿಂದಿನ ಬಾಗಿಲು ತೆಗೆದು ಕೂತ. ಬೇರೆ ದಾರಿಯೇ ಇರಲಿಲ್ಲ. ಮುಂದೆ ಅವರಿಬ್ಬರ ತಲೆ, ಹಿಂದೆ ಇವನೊಬ್ಬ, ಸಂತೆಗೆ ಒಯ್ಯುವ ಮೂಟೆಯ ಹಾಗೆ.

ಕಾರು ಹೊರಟಿತು. ಮಿತ್ಸುಗು ಕಿವಿ ನೆಟ್ಟಗೆ ಮಾಡಿಕೊಂಡ. ಹತ್ತು ಬುಧವಾರ ಗುಡ್ಡದ ಮೇಲಿಂದ ನೋಡಿದ್ದ ಆ ಮಾತು ಏನೆಂದು ಇವತ್ತು ಕೇಳಿಯೇಬಿಡುವುದು. ಸಚಿಯೊ ನೆಟ್ಟಗೆ ಕೂತಿದ್ದಳು. ಎರಡು ಕೈಯಲ್ಲೂ ಚೀಲದ ಹಿಡಿಕೆ ಬಿಗಿಹಿಡಿದಿದ್ದಳು. ಮೀನಿನ ಸೊಸೈಟಿಯ ಹತ್ತಿರ ಬರುತ್ತಿದ್ದಂತೆ ಅವಳ ತುಟಿ ಆಡಿತು. ಹಾಡು ಗುನುಗುತ್ತಿದ್ದಾಳೆಂದೇ ತೋರಿತು. ಮಿತ್ಸುಗು ಮುಂದಕ್ಕೆ ಬಗ್ಗಿದ.

"ಕೆಂಪು... ಇನ್ನೂ ಕೆಂಪು... ಕೆಂಪು..." ಹಾಡಲ್ಲ. "ಹಾಂ, ಹಸಿರು ಬಂತು. ಎಡಗಡೆ ಸೈಕಲ್. ಅಜ್ಜಿ ನಿಂತಿದಾರೆ, ದಾಟೋ ಹಾಗಿದೆ. ನಿಧಾನ."

ಮಿತ್ಸುಗು ಕಿಯೋಹರುವಿನ ಕಣ್ಣನ್ನು ಕನ್ನಡಿಯಲ್ಲಿ ನೋಡಿದ. ಅವು ರಸ್ತೆಯ ಮೇಲೇ ನೆಟ್ಟಿದ್ದವು. ಸಿಗ್ನಲ್ ದೀಪದ ಕಂಬದ ಕಡೆಗೆ ಒಂದು ಸಲವೂ ಏಳಲಿಲ್ಲ. ಮೇಲಿದ್ದದ್ದು ಅವನಿಗೆ ಕಾಣುವುದೇ ಇಲ್ಲವೆಂದು ಮಿತ್ಸುಗುವಿಗೆ ಹೊಳೆಯಲು ಮುಂದಿನ ದೀಪದ ತನಕ ಹಿಡಿಯಿತು.

"ಲೋ ಕಿಯೋಹರು. ನಿಂಗೆ ದೀಪ ಕಾಣಲ್ವಾ?"

ಉತ್ತರ ಕೊಟ್ಟದ್ದು ಸಚಿಯೊ. "ಕಣ್ಣಿನ ಒತ್ತಡದ ಕಾಯಿಲೆ. ಬೇಸಿಗೆಯಿಂದ. ಮೇಲಿನ ಅರ್ಧ ಮಸುಕಂತೆ."

"ಕೆಳಗಿನ ಅರ್ಧ ಚೆನ್ನಾಗೇ ಕಾಣುತ್ತೆ" ಎಂದ ಕಿಯೋಹರು.

"ನಿಲ್ಲಿಸೋ ಗಾಡೀನ!"

"ಇಲ್ಲಿ ನಿಲ್ಲಿಸೋ ಹಾಗಿಲ್ಲ, ರೀ. ಸುಮ್ನಿರಿ. ಕಿಯೋಸಾನ್, ಕೆಂಪು."

ಮಿತ್ಸುಗು ಸೀಟಿಗೊರಗಿದ. ಹತ್ತು ವಾರ ತನ್ನ ಹೆಂಡತಿ ಪ್ರಾಣ ಕೈಯಲ್ಲಿ ಹಿಡಿದು ಕಣ್ಣು ಮಿಟುಕಿಸದೆ ಕೂತಿದ್ದಳು, ತಾನು ಅದನ್ನು ಗುಡ್ಡದ ಮೇಲೆ ನಿಂತು ಪ್ರೀತಿ ಎಂದುಕೊಂಡಿದ್ದ. ತನ್ನ ಪಕ್ಕ ಅವಳು ನಿದ್ದೆ ಹೋಗುತ್ತಿದ್ದುದು ಯಾಕೆಂದು ಐವತ್ತೆರಡು ವರ್ಷಕ್ಕೆ ಈಗ ಅರ್ಥವಾಯಿತು. ಆದರೂ ಹೊಟ್ಟೆಕಿಚ್ಚು ಅಷ್ಟಕ್ಕೆಲ್ಲ ಆರುವ ಬೆಂಕಿಯೇ? 'ಅವನಿಗೆ ಇವಳು ಕಣ್ಣಾದಳು' ಎಂಬ ಇನ್ನೊಂದು ಕೊಳ್ಳಿ ಅದಕ್ಕೆ ಬಿತ್ತು. ತನಗೆ ಕಣ್ಣಿದ್ದದ್ದೇ ತಪ್ಪಾಯಿತಲ್ಲ ಎನ್ನಿಸಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ಅವನು ಸಿಡುಕಿಕೊಂಡೇ ಉತ್ತರ ಕೊಟ್ಟ. ವಾರ ಯಾವುದು ಎಂದಾಗ "ಬುಧವಾರ, ನನ್ನ ಕರ್ಮ" ಎಂದ. ನೂರರಿಂದ ಏಳೇಳು ಕಳೆದು, ನಿಲ್ಲಿಸಿ ಎಂದರೂ ಕೇಳದೆ ಎರಡರ ತನಕ ಇಳಿದ. ತರಕಾರಿ ಕೇಳಿದಾಗ ಹನ್ನೆರಡು ಹೇಳಿದ, ಸೌತೆಕಾಯಿ ಸೇರಿಸಿ. ಕೊನೆಗೆ ಡಾಕ್ಟರಮ್ಮ ಕಾಗದ ಪೆನ್ಸಿಲ್ ಮುಂದಿಟ್ಟು, "ಯಾವುದಾದರೂ ಒಂದು ವಾಕ್ಯ ಬರೀರಿ. ಏನು ಬೇಕಾದ್ರೂ ಆಗುತ್ತೆ" ಎಂದಳು. ಪುಸ್ತಕದಲ್ಲಿ ಇದಿರಲಿಲ್ಲ, ಬಾಯಿಪಾಠವೂ ಇರಲಿಲ್ಲ. ಮಿತ್ಸುಗು ಸ್ವಲ್ಪ ಹೊತ್ತು ಕೂತು ಬರೆದ: 'ನನ್ನ ಹೆಂಡತಿ ನನ್ನ ಗಾಡಿಯಲ್ಲಿ ನಿದ್ದೆ ಮಾಡುತ್ತಾಳೆ.' ಡಾಕ್ಟರಮ್ಮ ಓದಿ ಪಕ್ಕದಲ್ಲಿ ಸರಿ ಗುರುತು ಹಾಕಿದಳು. ಮರೆವಿನ ರೋಗವಿಲ್ಲ, ಈ ವಯಸ್ಸಿಗೆ ಆರೋಗ್ಯ ಬಲು ಚೆನ್ನಾಗಿದೆ ಎಂದು ಕಾಗದ ಬರೆದು ಮೊಹರು ಒತ್ತಿ ಕೊಟ್ಟಳು.

ಆ ಕಾಗದ ಹಿಡಿದು ಹೊರಗೆ ಬಂದಾಗ ಮಿತ್ಸುಗು ಗೆದ್ದವನು. ಕಾರಿನ ಪಕ್ಕದಲ್ಲಿ ಇಬ್ಬರೂ ನಿಂತಿದ್ದರು. ಸಚಿಯೊ ಕಾಗದವನ್ನು ಎರಡು ಸಲ ಓದಿದಳು, ಅವಳ ಕಣ್ಣು ತುಂಬಿತು.

"ಇನ್ನು ನನ್ನ ಟ್ರಕ್ಕಲ್ಲಿ ಬಾ" ಎಂದ ಮಿತ್ಸುಗು. "ಇವನ ಕಾರು ಹತ್ತೋದು ಇವತ್ತಿಗೆ ಮುಗೀತು."

ಸಚಿಯೊ ತಲೆ ತಗ್ಗಿಸಿದಳು. "ಆಗಲ್ಲ ರೀ. ನಾನು ಕೂರಲಿ ಬಿಡಲಿ, ಇವರು ಓಡಿಸೋದು ಬಿಡಲ್ಲ. ಹತ್ತು ವಾರದಿಂದ ಹೇಳ್ತಿದೀನಿ. ಒಬ್ಬರೇ ಹೋಗಿ ಸ್ಕೂಲ್ ಮಕ್ಕಳ ಮೇಲೆ ಹಾಯಿಸಿದ್ರೆ? ನಾನು ಪಕ್ಕದಲ್ಲಿದ್ರೆ ಕೆಂಪು ಅಂತಾದ್ರೂ ಹೇಳ್ತೀನಿ."

"ನೀನು ಒಂದು ಮಾತು ನಂಗೆ ಹೇಳಬಾರದಿತ್ತಾ?"

"ಹೇಳಿದ್ರೆ ಊರೆಲ್ಲ ಡಂಗುರ ಹೊಡೀತಿದ್ರಿ. ನಿಮ್ಮನ್ನ ನಾನು ಕಾಣೆನಾ?"

ಅದು ನಿಜವಾದ್ದರಿಂದ ಮಿತ್ಸುಗು ಕಿಯೋಹರುವಿನ ಕಡೆ ತಿರುಗಿದ. "ಪೊಲೀಸ್ ಠಾಣೆ ಇಲ್ಲೇ ಎದುರಿಗಿದೆ. ಹೋಗಿ ಲೈಸನ್ಸ್ ವಾಪಸ್ ಕೊಟ್ಟು ಬಾ."

ಕಿಯೋಹರು ಬಿಳಿ ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡ. ಅವನ ದನಿ ಅಷ್ಟು ಸಣ್ಣದಾದದ್ದನ್ನು ಮಿತ್ಸುಗು ಶಾಲೆಯಲ್ಲೂ ಕೇಳಿರಲಿಲ್ಲ. "ಹೇಳೋದು ಸುಲಭ ಕಣೋ. ನಿಂಗೆ ಮನೇಲಿ ಮಾತಾಡೋಕೆ ಜನ ಇದಾರೆ. ನಂಗೆ ಈ ಕಾರು ಬಿಟ್ರೆ ಬರೀ ಟೀವಿ." ಮರುಗಳಿಗೆಗೆ ಹಳೆಯ ಗತ್ತು ತಿರುಗಿ ಬಂತು. "ನಿನ್ನದು ಕೊಡ್ತೀಯಾ? ನೀನು ಕೊಟ್ರೆ ನಾನೂ ಕೊಡ್ತೀನಿ. ಇಬ್ಬರೂ ಒಟ್ಟಿಗೆ. ಏನಂತೀಯ?"

ಮಿತ್ಸುಗು ಕೊಡುವುದಿಲ್ಲ ಎಂದು ಗೊತ್ತಿದ್ದೇ ಆಡಿದ ಮಾತು ಅದು. ಮೂರು ತಿಂಗಳು ಜೀವ ತೇದು ಈಗ ತಾನೇ ಉಳಿಸಿಕೊಂಡವನು ಯಾಕೆ ಕೊಟ್ಟಾನು? ಟ್ರಕ್ಕಿಲ್ಲದೆ ಗುಡ್ಡದಿಂದ ಕಿತ್ತಳೆ ಇಳಿಸುವವರು ಯಾರು? ಮಿತ್ಸುಗುವಿನ ಕಣ್ಣ ಮುಂದೆ ಟ್ರಕ್ ಬಂತು, ಪಕ್ಕದ ಸೀಟಿನ ಗುಂಡಿ ಬಂತು, ತೆರೆದ ಬಾಯಿಯ ಹೆಂಡತಿ ಬಂದಳು. ಅದರ ಹಿಂದೆಯೇ ಈ ನೀಲಿ ಕಾರು, ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತು ಕೆಂಪು ಕೆಂಪು ಎನ್ನುವ ಹೆಂಡತಿ ಬಂದಳು. ಗಂಡ ಸತ್ತರೂ ಚಿಂತೆಯಿಲ್ಲ ಸವತಿ ಮುಂಡೆಯಾಗಬೇಕು ಅನ್ನುತ್ತಾರಲ್ಲ, ಆ ಗಾದೆ ಗಂಡಸರಿಗೂ ಸಲ್ಲುತ್ತದೆ.

"ನಡಿ" ಎಂದ.

ಠಾಣೆಯ ಕಿಟಕಿಯಲ್ಲಿದ್ದ ಹುಡುಗಿ ಡಾಕ್ಟರ ಕಾಗದ ನೋಡಿ, "ತಾತ, ನೀವು ಪಾಸಾಗಿದೀರಲ್ಲ! ಇದನ್ನ ಯಾಕೆ ವಾಪಸ್ ಮಾಡ್ತಿದೀರಿ?" ಎಂದು ಬೆರಗಾದಳು. "ಇವನದೂ ತಗೋ, ಆಮೇಲೆ ಕೇಳು" ಎಂದ ಮಿತ್ಸುಗು, ಲೈಸನ್ಸನ್ನು ಗಾಜಿನ ಕೆಳಗೆ ತಳ್ಳಿದ. ಐವತ್ತೊಂಬತ್ತು ವರ್ಷ ಜೇಬಿನಲ್ಲಿದ್ದದ್ದು ಹೋಗುವಾಗ ಸದ್ದೂ ಮಾಡಲಿಲ್ಲ. ಕಿಯೋಹರು ಬಹಳ ಹೊತ್ತು ಪರ್ಸ್ ತಡಕಾಡಿದ. ಆದರೆ ಆಡಿದ ಮಾತು, ಅದೂ ಸಚಿಯೊಳ ಎದುರು. ಕೊಟ್ಟ. ಹುಡುಗಿ ಇಬ್ಬರದಕ್ಕೂ ತೂತು ಹೊಡೆದಳು.

ನೀಲಿ ಕಾರು ಆಸ್ಪತ್ರೆಯ ಅಂಗಳದಲ್ಲೇ ಉಳಿಯಿತು. ಮೂವರೂ ತಣ್ಣನೆಯ ಗಾಳಿಯಲ್ಲಿ ಮೂರೂ ಇಪ್ಪತ್ತರ ಬಸ್ಸಿಗೆ ಕಾದರು. ಸಚಿಯೊಗೆ ಗಂಡ ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಸಿಟ್ಟು ಬಂದಿತ್ತು. ಬಸ್ಸು ಬಂದಾಗ ಅವಳು ಮೊದಲು ಹತ್ತಿ, ಬಾಗಿಲ ಹತ್ತಿರದ ಒಬ್ಬರೇ ಕೂರುವ ಸೀಟಿನಲ್ಲಿ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಉಳಿದದ್ದು ಹಿಂದಿನ ಜೋಡಿ ಸೀಟೊಂದೇ. ಮಿತ್ಸುಗುವೂ ಕಿಯೋಹರುವೂ ಅದರಲ್ಲಿ ಭುಜಕ್ಕೆ ಭುಜ ತಾಗಿಸಿ ಕೂರಬೇಕಾಯಿತು.

ದಂಡೆಯ ರಸ್ತೆಗೆ ಬಂದ ಮೇಲೆ ಸಚಿಯೊ ಹಿಂದೆ ತಿರುಗದೆ ಹೇಳಿದಳು.

"ಬುಧವಾರ ಬೆಳಗ್ಗೆ ಏಳು ಗಂಟೆಗೆ ಆ ಒಂದು ಬಸ್ಸಿದೆಯಲ್ಲ. ನಾನು ಅದರಲ್ಲೇ ಹೋಗ್ತೀನಿ. ಏನೂ ಕೆಲಸ ಇಲ್ದೋರು ಸುಮ್ನೆ ಬಸ್ ಹತ್ಕೊಂಡು ನನ್ನ ಹಿಂದೆ ಬರಬೇಡಿ, ಊರವರು ನಗ್ತಾರೆ."

"ಸರಿ, ಸರಿ" ಎಂದ ಕಿಯೋಹರು. "ಆದ್ರೆ ಸಚಿಯೊಸಾನ್, ನಂಗೆ ಪ್ರತಿ ಬುಧವಾರ ಕಣ್ಣಿನ ಡಾಕ್ಟ್ರನ್ನ ನೋಡೋದಿರುತ್ತೆ. ಅದಕ್ಕೇ ಅಲ್ವಾ ನಾನು ಪೇಟೆಗೆ ಹೋಗ್ತಿದ್ದದ್ದು."

"ಅದು ಬೇರೆ. ಕಾಯಿಲೆಯವರು ಬರಲೇಬೇಕಲ್ಲ. ಮೆಟ್ಟಿಲು ಹತ್ತುವಾಗ ನಾನು ಕೈ ಹಿಡ್ಕೋತೀನಿ."

ಮಿತ್ಸುಗು ಅವಸರ ಅವಸರವಾಗಿ ತನ್ನ ಮೈಯನ್ನೆಲ್ಲ ಒಳಗಿನಿಂದ ತಡಕಿ ನೋಡಿದ. ಮಂಡಿ ನೋಯುವುದಿಲ್ಲ, ಸಕ್ಕರೆ ಇಲ್ಲ, ಹಲ್ಲು ಕೂಡ ಅಲ್ಲಾಡುವುದಿಲ್ಲ. ಕೋಟಿನ ಜೇಬಿನಲ್ಲಿ ಆರೋಗ್ಯ ಬಲು ಚೆನ್ನಾಗಿದೆ ಎಂದು ಮೊಹರು ಒತ್ತಿದ ಕಾಗದ ಬೇರೆ. ಪಕ್ಕದಲ್ಲಿ ಕೂತವನ ಅರ್ಧ ಕುರುಡು ಕಣ್ಣನ್ನು ಅವನು ಇಡೀ ದಾರಿ ಹೊಟ್ಟೆಕಿಚ್ಚಿನಿಂದ ನೋಡುತ್ತಲೇ ಬಂದ.